ಹಾಡಿಗೆ ಕೊನೆಯ ಕೈ: ಮಾಸ್ಟರಿಂಗ್ ಎಂಬ ಕಾಣದ ಕಸುಬು

'ನಾಗರಹಾವು' ಚಿತ್ರ ಮೊದಲು ತೆರೆಕಂಡದ್ದು 1972ರ ಡಿಸೆಂಬರ್ ಕೊನೆಯ ವಾರದಲ್ಲಿ. ನಲವತ್ತೈದು ವರ್ಷಗಳ ಮೇಲೆ, 2018ರ ಜುಲೈ 20ರಂದು, ಅದೇ ಚಿತ್ರ ಹೊಸ ರೂಪದಲ್ಲಿ ರಾಜ್ಯದ ಚಿತ್ರಮಂದಿರಗಳಿಗೆ ಮತ್ತೆ ಬಂತು. ನಿರ್ಮಾಪಕ ಎನ್. ವೀರಾಸ್ವಾಮಿಯವರ ಮಗ ಬಾಲಾಜಿ ಈ ಕೆಲಸ ಮಾಡಿಸಿದರು. ಹಳೆಯ ಚಿತ್ರದ ಗೀರು, ಕಲೆಗಳನ್ನು ಒರೆಸಿ, ಮಾಸಿದ ಬಣ್ಣ ತಿದ್ದಿ, ಸಿನಿಮಾಸ್ಕೋಪ್ ಚೌಕಟ್ಟಿಗೆ ಹೊಂದಿಸಿ, ಶಬ್ದವನ್ನು 7.1 ಎಂಬ ಇಂದಿನ ವ್ಯವಸ್ಥೆಗೆ ಅಳವಡಿಸಲಾಗಿತ್ತು. ಚಿತ್ರದುರ್ಗದ ಕೋಟೆ ಅದೇ, ರಾಮಾಚಾರಿ ಅದೇ, ಚಾಮಯ್ಯ ಮೇಷ್ಟ್ರು ಅದೇ. ವಿಜಯಭಾಸ್ಕರ್ ಸಂಗೀತದಲ್ಲಿ ಪಿ.ಬಿ. ಶ್ರೀನಿವಾಸ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಪಿ. ಸುಶೀಲಾ ಹಾಡಿದ ಹಾಡುಗಳೂ ಅವೇ. ಆದರೂ ಕಿವಿಗೆ ಬಿದ್ದದ್ದು ಹಳೆಯ ಶಬ್ದವಲ್ಲ. 1972ರಲ್ಲಿ ಪರದೆಯ ಹಿಂದಿನ ಧ್ವನಿವರ್ಧಕದಿಂದ ಹೊರಟಿದ್ದ ಶಬ್ದ 2018ರಲ್ಲಿ ಪ್ರೇಕ್ಷಕನ ಸುತ್ತಲಿನಿಂದ ಬಂತು.

ಹಾಡಿದವರು ಮತ್ತೆ ಹಾಡಲಿಲ್ಲ. ಅಂದಮೇಲೆ ಬದಲಾದದ್ದು ಏನು? ಬದಲಿಸಿದವರು ಯಾರು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಸಂಗೀತ ಮುದ್ರಣದ ಕೊನೆಯ ಹಂತಕ್ಕೆ, ಮಾಸ್ಟರಿಂಗ್ ಎಂಬ ಕಸುಬಿಗೆ, ಬಂದು ನಿಲ್ಲುತ್ತೇವೆ. ಗಾಯಕನ ಹೆಸರು ಎಲ್ಲರಿಗೂ ಗೊತ್ತು; ಸಂಗೀತ ನಿರ್ದೇಶಕನ ಹೆಸರು ಬಹಳ ಮಂದಿಗೆ ಗೊತ್ತು; ಧ್ವನಿಮುದ್ರಕನ ಹೆಸರು ಶೀರ್ಷಿಕೆಯಲ್ಲಿ ಹಾದುಹೋಗುತ್ತದೆ. ಮಾಸ್ಟರಿಂಗ್ ಮಾಡಿದವನ ಹೆಸರನ್ನು ಮಾತ್ರ ಹುಡುಕಬೇಕು. ಆದರೆ ನಮ್ಮ ಕಿವಿಗೆ ಕೊನೆಗೆ ಏನು ಬೀಳಬೇಕೆಂದು ನಿರ್ಧರಿಸುವವನು ಅವನೇ.

ಎಣ್ಣೆ ಸೋಸುವವನ ಕೆಲಸ

ಹಾಡೊಂದು ಕೇಳುಗನನ್ನು ತಲುಪುವ ಮುನ್ನ ಮೂರು ಮನೆ ದಾಟುತ್ತದೆ. ಮೊದಲನೆಯದು ಧ್ವನಿಮುದ್ರಣ. ಇಲ್ಲಿ ಕಂಠ, ತಬಲ, ಪಿಟೀಲು, ಕೊಳಲು ಮೊದಲಾದವು ಬೇರೆಬೇರೆಯಾಗಿಯೋ ಒಟ್ಟಾಗಿಯೋ ದಾಖಲಾಗುತ್ತವೆ. ಎರಡನೆಯದು ಮಿಶ್ರಣ. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಇಲ್ಲಿ ಗೊತ್ತುಮಾಡುತ್ತಾರೆ. ಮೂರನೆಯದೇ ಮಾಸ್ಟರಿಂಗ್. ಮಿಶ್ರಣವಾಗಿ ಬಂದ ಹಾಡನ್ನು ಇಡಿಯಾಗಿ ಕೇಳಿ, ಅದರ ಕೆಳಸ್ವರ ಮೇಲುಸ್ವರಗಳ ತೂಕ ಸರಿಮಾಡುವುದು, ತೀರ ಮೇಲೇಳುವ ಸದ್ದನ್ನು ತಗ್ಗಿಸುವುದು, ಅಡಗಿದ್ದನ್ನು ಸ್ವಲ್ಪ ಎತ್ತುವುದು, ಹತ್ತು ಹಾಡುಗಳಿದ್ದರೆ ಒಂದು ಅಬ್ಬರವಾಗಿ ಇನ್ನೊಂದು ಪೇಲವವಾಗಿ ಕೇಳದಂತೆ ಹೊಂದಿಸುವುದು, ಹಾಡಿಗೂ ಹಾಡಿಗೂ ನಡುವೆ ಎಷ್ಟು ಮೌನವಿರಬೇಕೆಂದು ತೀರ್ಮಾನಿಸುವುದು ಇವೆಲ್ಲ ಈ ಹಂತದ ಕೆಲಸ. ಕೊನೆಗೆ, ಹಾಡು ಯಾವ ಮಾಧ್ಯಮದಲ್ಲಿ ಹೊರಡುವುದೋ, ಅಂದರೆ ತಟ್ಟೆಯೋ ಕ್ಯಾಸೆಟ್ಟೋ ಸಿ.ಡಿ.ಯೋ ಮೊಬೈಲೋ, ಅದಕ್ಕೆ ತಕ್ಕ ಮೂಲಪ್ರತಿಯನ್ನು ಸಿದ್ಧಗೊಳಿಸುವುದು. ಈ ಮೂಲಪ್ರತಿಗೇ 'ಮಾಸ್ಟರ್' ಎಂದು ಹೆಸರು.

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ಹೊಲದಿಂದ ಶೇಂಗಾ ಬರುವುದು ಮುದ್ರಣ. ಗಾಣದಲ್ಲಿ ಅರೆದು ಎಣ್ಣೆ ತೆಗೆಯುವುದು ಮಿಶ್ರಣ. ಬಂದ ಎಣ್ಣೆಯನ್ನು ಸೋಸಿ, ಮಡ್ಡಿ ಇಳಿಸಿ, ಪ್ರತಿ ಡಬ್ಬವೂ ಒಂದೇ ರುಚಿ ಒಂದೇ ಅಳತೆ ಇರುವಂತೆ ತುಂಬಿಸುವುದು ಮಾಸ್ಟರಿಂಗ್. ಸೋಸುವವನು ಎಣ್ಣೆಯನ್ನು ಸೃಷ್ಟಿಸುವುದಿಲ್ಲ. ಆದರೆ ಹೆಚ್ಚು ಸೋಸಿದರೆ ಬಣ್ಣದ ಜೊತೆಗೆ ವಾಸನೆಯೂ ಹೋಗುತ್ತದೆ. ಕಡಿಮೆ ಸೋಸಿದರೆ ತಳದಲ್ಲಿ ಮಡ್ಡಿ ನಿಲ್ಲುತ್ತದೆ. ಮಾಸ್ಟರಿಂಗ್ ಕುರಿತ ವಾದವಿವಾದಗಳೆಲ್ಲ ಈ 'ಎಷ್ಟು' ಎಂಬ ಮಾತಿನ ಸುತ್ತಲೇ ಇವೆ.

ಮೇಣದಿಂದ ಅರಗಿಗೆ

'ಮಾಸ್ಟರ್' ಎಂಬ ಪದ ಕೇಳಿದೊಡನೆ ಹಳಬರಿಗೆ ಗ್ರಾಮಫೋನ್ ಕೊಳವೆಯ ಮುಂದೆ ಕುಳಿತ ನಾಯಿಯ ಚಿತ್ರ ನೆನಪಾದೀತು. ಅಲ್ಲಿ ಮಾಸ್ಟರ್ ಎಂದರೆ ನಾಯಿಯ ಯಜಮಾನ. ತಟ್ಟೆ ತಯಾರಿಸುವ ಕಾರ್ಖಾನೆಯಲ್ಲಿ ಮಾತ್ರ ಆ ಪದಕ್ಕೆ ಬೇರೆ ಅರ್ಥವಿತ್ತು. ಗಾಯಕರು ದೊಡ್ಡ ಕೊಳವೆಯೊಂದರ ಬಾಯಿಗೆ ಹಾಡುತ್ತಿದ್ದರು. ಆ ದನಿಯ ಕಂಪನಕ್ಕೆ ಅಲುಗುವ ಸೂಜಿ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತಿತ್ತು. ಆ ಮೇಣದ ಮೇಲೆ ವಿದ್ಯುತ್ತಿನ ಸಹಾಯದಿಂದ ಲೋಹ ಲೇಪಿಸಿ ತೆಗೆದ ಅಚ್ಚೇ ಮಾಸ್ಟರ್. ಅದರಿಂದ 'ತಾಯಿ' ಎಂಬ ಇನ್ನೊಂದು ಅಚ್ಚು, ತಾಯಿಯಿಂದ ತಟ್ಟೆ ಒತ್ತುವ ಅಚ್ಚುಗಳು. ಒತ್ತುವ ಅಚ್ಚು ಸವೆದರೆ ತಾಯಿಯಿಂದ ಮತ್ತೊಂದನ್ನು ಪಡೆಯಬಹುದಿತ್ತು. ತಟ್ಟೆಗೆ ಬೇಕಾದ ಮುಖ್ಯ ಪದಾರ್ಥವಾದ ಅರಗು ಬಹುಮಟ್ಟಿಗೆ ಭಾರತದಿಂದಲೇ ಹೋಗುತ್ತಿತ್ತೆಂಬುದು ಕುತೂಹಲದ ಸಂಗತಿ.

ನಮ್ಮ ದೇಶದಲ್ಲಿ ಈ ಕೆಲಸದ ಆರಂಭ 1902ರ ನವೆಂಬರಿನಲ್ಲಿ. ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮೇಣದ ಮೇಲೆ ಇಳಿಸಿಕೊಂಡ. ಮೇಣದ ಬಿಲ್ಲೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋದವು. ಅಲ್ಲಿ ತಟ್ಟೆಗಳಾಗಿ ಮರಳಿದವು. ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದು ಪ್ರಸಿದ್ಧ. ಹ್ಯಾನೋವರಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿದು ತಟ್ಟೆಯ ಮೇಲೆ ಸರಿಯಾದ ಚೀಟಿ ಅಂಟಿಸಲೆಂದು ಈ ಏರ್ಪಾಡು ಎನ್ನುತ್ತಾರೆ. ಹಾಡಿದವರಿಗೂ ಅಚ್ಚು ತೆಗೆದವರಿಗೂ ನಡುವೆ ಸಮುದ್ರವೇ ಇದ್ದ ಕಾಲ ಅದು. ದೇಶದೆಲ್ಲೆಡೆ ಮನೆಮಾತಾದ ಈ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ತಿದ್ದುಪಡಿಗೆ ಅವಕಾಶವೇ ಇರಲಿಲ್ಲ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲೇ ರಾಗ, ಹಾಡು, ಮುಕ್ತಾಯ. ಜೋರಾಗಿ ಹಾಡುವವರನ್ನು ಕೊಳವೆಯಿಂದ ಹಿಂದೆ ಸರಿಸುವುದು, ಮೆಲ್ಲಗೆ ಹಾಡುವವರನ್ನು ಮುಂದೆ ಕರೆಯುವುದು, ಇಷ್ಟೇ ಆಗಿನ 'ಸಮತೋಲನ'. 1925ರ ಸುಮಾರಿಗೆ ಮೈಕ್ರೊಫೋನ್ ಬಂದಾಗ ಮೆಲುದನಿಗೂ ತಟ್ಟೆಯಲ್ಲಿ ಜಾಗ ಸಿಕ್ಕಿತು. ಎರಡನೆಯ ಮಹಾಯುದ್ಧದ ನಂತರ ಕಾಂತೀಯ ಸುರುಳಿ, ಅಂದರೆ ಟೇಪು, ಬಂತು. ಮಾಸ್ಟರಿಂಗ್ ಬೇರೆಯದೇ ಕಸುಬಾದದ್ದು ಆಗ. ಮೊದಲು ಟೇಪಿನ ಮೇಲೆ ಹಾಡು ಮುದ್ರಿಸಿ, ಆಮೇಲೆ ಅದನ್ನು ತಟ್ಟೆಗೆ ವರ್ಗಾಯಿಸುವ ಪದ್ಧತಿ ಬಂದುದರಿಂದ, ಆ ವರ್ಗಾವಣೆಗೆಂದೇ ಒಬ್ಬ ತಂತ್ರಜ್ಞ ಬೇಕಾದ.

ಅವನ ಕೆಲಸ ಬರಿಯ ನಕಲಲ್ಲ. ಕೆಳಸ್ವರ ಗಟ್ಟಿಯಾದಷ್ಟೂ ತಟ್ಟೆಯ ಗೆರೆ ಅಗಲವಾಗಿ ಓಲಾಡುತ್ತದೆ. ಓಲಾಟ ಹೆಚ್ಚಾದರೆ ಒಂದು ಗೆರೆ ಪಕ್ಕದ ಗೆರೆಗೆ ತಾಗುತ್ತದೆ, ಮುಳ್ಳು ಹಾರುತ್ತದೆ. ಅಗಲ ಬಿಟ್ಟರೆ ತಟ್ಟೆಯಲ್ಲಿ ಜಾಗ ಸಾಲದು. ಹೀಗಾಗಿ ಕೆಳಸ್ವರವನ್ನು ತಗ್ಗಿಸಿ ಮೇಲುಸ್ವರವನ್ನು ಏರಿಸಿ ಕೊರೆಯುವುದು, ನುಡಿಸುವ ಯಂತ್ರದಲ್ಲಿ ಅದನ್ನು ತಿರುಗುಮುರುಗು ಮಾಡಿ ಮೊದಲಿನ ರೂಪಕ್ಕೆ ತರುವುದು ಎಂಬ ಒಪ್ಪಂದಕ್ಕೆ ಕಂಪನಿಗಳು 1950ರ ದಶಕದಲ್ಲಿ ಬಂದವು. ಗಾಯಕಿಯ 'ಸ'ಕಾರ 'ಶ'ಕಾರಗಳು ಸೂಜಿಗೆ ಚುಚ್ಚುವಂತೆ ಕೇಳಿದರೆ ಅಷ್ಟನ್ನೇ ಮೆದುಗೊಳಿಸಬೇಕು. ತಟ್ಟೆಯ ನಡುಭಾಗಕ್ಕೆ ಹೋದಷ್ಟೂ ಸುತ್ತು ಚಿಕ್ಕದಾಗಿ ದನಿ ಕೆಡುವುದರಿಂದ ಅಬ್ಬರದ ಹಾಡನ್ನು ಹೊರಸುತ್ತಿಗೂ ಮೆಲುಹಾಡನ್ನು ಒಳಸುತ್ತಿಗೂ ಹಾಕುವ ಜಾಣ್ಮೆಯಿತ್ತು. ದೀರ್ಘಾವಧಿ ತಟ್ಟೆಯಲ್ಲಿ ಹಾಡುಗಳ ಅನುಕ್ರಮ ಕೆಲವೊಮ್ಮೆ ಕವಿಯದೂ ಅಲ್ಲ, ಗಾಯಕನದೂ ಅಲ್ಲ, ಗೆರೆ ಕೊರೆಯುವವನದು!

ಒಂದು ಹಾಡು, ಎರಡು ಮೂಲಗಳು

ನಮ್ಮ ಚಿತ್ರಗೀತೆಗಳ ಕತೆ ಇನ್ನೂ ತೊಡಕಿನದು. 1970ರ ದಶಕದವರೆಗೂ ಕನ್ನಡ ಚಿತ್ರಗೀತೆಗಳ ಬಹುಪಾಲು ಮುದ್ರಣವಾಗುತ್ತಿದ್ದುದು ಮದ್ರಾಸಿನ ಸ್ಟುಡಿಯೋಗಳಲ್ಲಿ. ದೊಡ್ಡ ಕೊಠಡಿಯಲ್ಲಿ ವಾದ್ಯವೃಂದವೆಲ್ಲ ಕುಳಿತು, ಗಾಯಕರು ಅಲ್ಲೇ ನಿಂತು, ಹಾಡು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಮುಗಿಯಬೇಕು. ಒಬ್ಬ ಪಿಟೀಲಿನವರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಹೀಗೆ ಬಂದ ಶಬ್ದ ಬಹುಮಟ್ಟಿಗೆ ಒಂದೇ ಪಥದಲ್ಲಿ ಬೆರೆತು ನಿಲ್ಲುತ್ತಿತ್ತು.

ಆ ಬಳಿಕ ಹಾಡು ಎರಡು ದಾರಿ ಹಿಡಿಯುತ್ತಿತ್ತು. ಒಂದು, ಚಿತ್ರದ ರೀಲಿನ ಅಂಚಿಗೆ. ಅಲ್ಲಿ ಶಬ್ದ ಬೆಳಕಿನ ಗೆರೆಯಾಗಿ ಅಚ್ಚಾಗುತ್ತದೆ. ತೀರ ಮೇಲಿನ ಸ್ವರಗಳು ಅದರಲ್ಲಿ ಉಳಿಯುವುದಿಲ್ಲ. ಇನ್ನೊಂದು, ಗ್ರಾಮಫೋನ್ ತಟ್ಟೆಗೆ. ಕಲ್ಕತ್ತೆಯ ಡಂಡಂನಲ್ಲಿದ್ದ ಗ್ರಾಮಫೋನ್ ಕಂಪನಿಯ ಕಾರ್ಖಾನೆ ದಶಕಗಳ ಕಾಲ ದೇಶದ ಚಿತ್ರಸಂಗೀತದ ಬಹುಭಾಗವನ್ನು ತಟ್ಟೆಯಾಗಿ ಒತ್ತಿದ ಸ್ಥಳ. ಚಿತ್ರದಲ್ಲಿ ಕೇಳಿದ ಹಾಡಿಗೂ ತಟ್ಟೆಯಲ್ಲಿ ಕೇಳಿದ ಹಾಡಿಗೂ ಉದ್ದದಲ್ಲೋ ನಾದದಲ್ಲೋ ವ್ಯತ್ಯಾಸವಿರುವುದನ್ನು ಹಳೆಯ ರಸಿಕರು ಗಮನಿಸಿರಬಹುದು. ಎರಡೂ ಮೂಲವೇ, ಎರಡೂ ಒಂದೇ ಅಲ್ಲ.

ತಳಕಿನ ಮನೆತನದ ತ.ರಾ.ಸು. ಅವರ ಕೃತಿಗಳು ಈ ಎಲ್ಲ ದಾರಿಗಳಲ್ಲಿ ಸಾಗಿದ್ದು ವಿಶೇಷ. ಅವರ 'ಹಂಸಗೀತೆ' ಚಿತ್ರದುರ್ಗದ ಸಂಗೀತಗಾರನೊಬ್ಬನ ಕತೆ. ಅದನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಬಂತು. ಅದರಲ್ಲಿ ಗದುಗಿನ ಭೀಮಸೇನ ಜೋಶಿಯವರು ಮನ್ನಾ ಡೇ ಜೊತೆ ಹಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರವಾಗಿಸಿದಾಗ ಎಂ. ಬಾಲಮುರಳಿಕೃಷ್ಣ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ದೊರೆಯಿತು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳು ಸೇರಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಆಯಿತು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೆರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಆ ಮಾತಿನ ನ್ಯಾಯಾನ್ಯಾಯ ಹಾಗಿರಲಿ. ಕಾದಂಬರಿ ಪುಸ್ತಕವಾಗಿ ಉಳಿದಿದೆ, ಚಿತ್ರವೂ ಉಳಿದಿದೆ; ಬೇಕಾದವರು ಎರಡನ್ನೂ ಎದುರಿಗಿಟ್ಟು ತೂಗಿ ನೋಡಬಹುದು. ತೂಗಿ ನೋಡುವ ಈ ಅವಕಾಶ ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುತ್ತದೆ.

ಕ್ಯಾಸೆಟ್ಟಿನ ಕಾಲ

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಊರುಗಳಿಗೆ ನಿಜವಾಗಿ ಬಂದದ್ದು 1970ರ ದಶಕದ ಕೊನೆಗೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಅದು ಹೆಸರಾಯಿತು. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ದನಿಯಲ್ಲಿ ಶಿಶುನಾಳ ಶರೀಫರೂ ಕೆ.ಎಸ್. ನರಸಿಂಹಸ್ವಾಮಿಯವರೂ ಮನೆಮನೆ ಹೊಕ್ಕರು. ಬೆಂಗಳೂರಿನಲ್ಲಿ ಸಂಗೀತಾ, ಲಹರಿ, ಅಶ್ವಿನಿಯಂಥ ಕಂಪನಿಗಳು ಬೆಳೆದವು. ಶಂಕರ್‌ನಾಗ್ ಕಟ್ಟಿದ ಸಂಕೇತ್ ಸ್ಟುಡಿಯೋದಂಥ ಪ್ರಯತ್ನಗಳಿಂದ ಮುದ್ರಣಕ್ಕಾಗಿ ಮದ್ರಾಸಿಗೆ ಓಡುವ ಅಗತ್ಯ ಕಡಿಮೆಯಾಯಿತು. ಜಾತ್ರೆಗಳಲ್ಲಿ ಬಳೆ, ಬತ್ತಾಸಿನ ಅಂಗಡಿಗಳ ಪಕ್ಕದಲ್ಲೇ ಕ್ಯಾಸೆಟ್ಟಿನ ಅಂಗಡಿಯೂ ಬಂತು.

ಆದರೆ ತಂತ್ರಜ್ಞನ ದೃಷ್ಟಿಯಿಂದ ಕ್ಯಾಸೆಟ್ಟು ಬಡ ಮಾಧ್ಯಮ. ಸ್ಟುಡಿಯೋದ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದರೆ ಕ್ಯಾಸೆಟ್ಟಿನದು 5 ಸೆಂಟಿಮೀಟರಿಗೂ ಕಡಿಮೆ. ಟೇಪು ಕಿರಿದು, ಓಟ ನಿಧಾನ. ಆದ್ದರಿಂದ 'ಸುಯ್' ಎಂಬ ಸದ್ದು ಅದರ ಹುಟ್ಟುಗುಣ. ಸಾಲದ್ದಕ್ಕೆ ಕಾರ್ಖಾನೆಯಲ್ಲಿ ನಕಲು ಮಾಡುವಾಗ ಸಹಜ ವೇಗಕ್ಕಿಂತ ಎಷ್ಟೋ ಪಟ್ಟು ಓಡಿಸಿ ಮಾಡುತ್ತಿದ್ದರು. ಇದನ್ನೆಲ್ಲ ಮೊದಲೇ ಊಹಿಸಿ, ಮೇಲುಸ್ವರವನ್ನು ಇಷ್ಟು ಹೆಚ್ಚಿಸಿ, ತೀರ ಮೆಲುವಾದ ಭಾಗವನ್ನು ಸದ್ದಿನಲ್ಲಿ ಮುಳುಗದಂತೆ ಎತ್ತಿ, ಮೂಲಪ್ರತಿ ತಯಾರಿಸುವುದು ಜಾಣತನದ ಕೆಲಸ. ಹಳ್ಳಿಯ ಹೋಟೆಲಿನ ಟೇಪ್‌ರೆಕಾರ್ಡರಿನಲ್ಲಿ, ಬಸ್ಸಿನ ಗಡಗಡದ ನಡುವೆ ಹಾಡು ಸ್ಪಷ್ಟವಾಗಿ ಕೇಳಿದ್ದರೆ ಅದರ ಹಿಂದೆ ಹೆಸರಿಲ್ಲದ ಒಬ್ಬನ ಲೆಕ್ಕಾಚಾರವಿತ್ತು.

ಇದರ ಜೊತೆಗೇ ಬೀದಿಬದಿಯ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುವ ವ್ಯಾಪಾರ ನಡೆಯಿತು. ನಕಲಿನ ನಕಲು, ಅದರ ನಕಲು. ಪ್ರತಿ ನಕಲಿಗೂ ಒಂದಿಷ್ಟು ಹಾಡು ಸೋರಿ ಒಂದಿಷ್ಟು ಸದ್ದು ಸೇರುತ್ತಿತ್ತು. ಓಲೆಗರಿಯ ಪ್ರತಿಕಾರನ ಕಣ್ತಪ್ಪುಗಳು ಪ್ರತಿಯಿಂದ ಪ್ರತಿಗೆ ಬೆಳೆಯುತ್ತಿದ್ದುದೂ ಹೀಗೆಯೇ.

ಗ್ರಂಥ ಸಂಪಾದಕರಿಂದ ಕಲಿಯಬೇಕಾದ್ದು

ಈ ಹೋಲಿಕೆ ಬರಿಯ ಅಲಂಕಾರವಲ್ಲ. ತ.ರಾ.ಸು. ಅವರ ಮನೆತನದಲ್ಲೇ ಟಿ.ಎಸ್. ವೆಂಕಣ್ಣಯ್ಯನವರು, ತ.ಸು. ಶಾಮರಾಯರು ಹುಟ್ಟಿದರು. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು, ಕುವೆಂಪು ಅವರ ಗುರುಗಳು. 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿರುವುದು ಅವರಿಗೆ. ಹರಿಹರನ 'ಬಸವರಾಜದೇವರ ರಗಳೆ'ಯನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟವರೂ ಅವರೇ.

ಗ್ರಂಥ ಸಂಪಾದಕ ಮಾಡುವುದೇನು? ಕವಿ ಸ್ವಹಸ್ತದಿಂದ ಬರೆದ ಪ್ರತಿ ಎಲ್ಲೂ ಇಲ್ಲ. ಇರುವುದು ಶತಮಾನಗಳ ನಂತರದ, ಹುಳು ತಿಂದ, ಅಕ್ಷರ ಮಸುಕಾದ ಗರಿಗಳು. ಅವನ್ನು ಒಂದರ ಪಕ್ಕ ಒಂದಿಟ್ಟು, ಕವಿಯ ಮಾತು ಇದೇ ಇರಬೇಕೆಂದು ನಿರ್ಣಯಿಸಿ, ಓದುಗನ ಕೈಗೆ ಶುದ್ಧವಾದ ಪಾಠ ಕೊಡುತ್ತಾನೆ. ಮಸುಕನ್ನು ಒರೆಸುವುದು ಅವನ ಹಕ್ಕು. ಕವಿಯ ಮಾತನ್ನು ತನ್ನ ರುಚಿಗೆ ತಿದ್ದುವುದು ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಒಪ್ಪದ ಪಾಠವನ್ನೂ ಪುಟದ ಅಡಿಯಲ್ಲಿ ಪಾಠಾಂತರವೆಂದು ಅಚ್ಚು ಹಾಕುತ್ತಾನೆ. ನಾಳೆ ಬರುವ ವಿದ್ವಾಂಸ ಅದನ್ನು ನೋಡಿ ಬೇರೆ ನಿರ್ಣಯಕ್ಕೆ ಬರಬಹುದು.

ಹಳೆಯ ಮುದ್ರಣವನ್ನು ಮತ್ತೆ ಮಾಸ್ಟರ್ ಮಾಡುವವನೂ ಇದೇ ಸ್ಥಾನದಲ್ಲಿದ್ದಾನೆ. 78 ಸುತ್ತಿನ ತಟ್ಟೆಗಳೆಂದು ನಾವು ಕರೆಯುವ ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78 ಸುತ್ತಿನಲ್ಲಿ ಮುದ್ರಣವಾದವಲ್ಲ. ವೇಗ ಸ್ವಲ್ಪ ತಪ್ಪಿದರೆ ಶ್ರುತಿ ಏರುತ್ತದೆ, ಗಾಯಕನ ಕಂಠ ಎಳಸಾಗುತ್ತದೆ, ಲಯ ಅವಸರವಾಗುತ್ತದೆ. ಸರಿಯಾದ ಶ್ರುತಿ ಯಾವುದೆಂದು ನಿರ್ಣಯಿಸಲು ಯಂತ್ರ ಬಲ್ಲವನು ಸಾಲದು, ಸಂಗೀತ ಬಲ್ಲವನು ಬೇಕು. ಇನ್ನು ಗೀರಿನ ಸದ್ದು ತೆಗೆಯುವ ಮಾತು. ತಂಬೂರಿಯ ತಂತಿಗೆ ನೂಲು ಸಿಕ್ಕಿಸಿ ಹೊಮ್ಮಿಸುವ ಆ ಸೂಕ್ಷ್ಮವಾದ ಝೇಂಕಾರ, ಕೊಳಲಿನ ಉಸಿರು ಇವೆಲ್ಲ ಎಚ್ಚರ ತಪ್ಪಿದ ಯಂತ್ರಕ್ಕೆ ಟೇಪಿನ ಸದ್ದಿನಂತೆಯೇ ಕಾಣುತ್ತವೆ. ಸದ್ದು ತೆಗೆಯಲು ಹೋಗಿ ನಾದವನ್ನೇ ತೆಗೆದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ. ಗ್ರಂಥ ಸಂಪಾದನೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ: ಇಲ್ಲಿ ಅಡಿಟಿಪ್ಪಣಿ ಇಲ್ಲ. ಏನು ತೆಗೆದರು, ಏನು ಸೇರಿಸಿದರು ಎಂಬುದನ್ನು ಕೇಳುಗನಿಗೆ ಯಾರೂ ಹೇಳುವುದಿಲ್ಲ.

ಅಬ್ಬರದ ಪೈಪೋಟಿ

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ತಂತ್ರಜ್ಞರಿಗೆ ಹಿಂದೆಂದೂ ಇಲ್ಲದ ಸ್ವಾತಂತ್ರ್ಯ ಸಿಕ್ಕಿತು. ಮುಳ್ಳು ಹಾರುವ ಭಯವಿಲ್ಲ, ಟೇಪಿನ ಸುಯ್ಗುಟ್ಟುವಿಕೆ ಇಲ್ಲ. ಪಿಸುಮಾತಿನಿಂದ ನಗಾರಿಯವರೆಗೆ ಇರುವ ಅಂತರವನ್ನು ಇದ್ದಂತೆಯೇ ಇಡಬಹುದಿತ್ತು. ಆದರೆ ಆದದ್ದೇ ಬೇರೆ. ಒಂದೇ ಹಾಡನ್ನು ಎರಡು ಮಟ್ಟದಲ್ಲಿ ಕೇಳಿಸಿದರೆ ತುಸು ಗಟ್ಟಿಯಾದದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಇದನ್ನರಿತ ಕಂಪನಿಗಳು ಪಕ್ಕದವನ ಹಾಡಿಗಿಂತ ತನ್ನದು ಜೋರಾಗಿರಲೆಂದು ಪೈಪೋಟಿಗೆ ಬಿದ್ದವು. ಅಂಕಿಗಳ ಈ ವ್ಯವಸ್ಥೆಯಲ್ಲಿ ಮೇಲಿನ ಮಿತಿಯೊಂದಿದೆ, ಅದನ್ನು ದಾಟುವಂತಿಲ್ಲ. ಹಾಗಾಗಿ ಎತ್ತರದ ಸದ್ದುಗಳ ತಲೆ ಕತ್ತರಿಸಿ, ತಗ್ಗಿನವನ್ನೆಲ್ಲ ಮೇಲೆತ್ತಿ, ಇಡೀ ಹಾಡನ್ನು ಗೋಡೆಯಂತೆ ಸಮ ಮಾಡಿದರು. 2008ರಲ್ಲಿ ಅಮೆರಿಕದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತಿವೆಯೆಂದು ಅಭಿಮಾನಿಗಳೇ ದೂರು ಕೊಟ್ಟರು. ಮತ್ತೆ ಮಾಸ್ಟರ್ ಮಾಡಿಕೊಡಿ ಎಂದು ಮನವಿಗೆ ಸಹಿ ಹಾಕಿದರು.

ನಮ್ಮ ಸಂಗೀತಕ್ಕೆ ಇದರಿಂದ ಆಗುವ ಕೇಡು ಇನ್ನೂ ಹೆಚ್ಚು. ಮೃದಂಗದ ಪೆಟ್ಟಿಗೂ ಅದು ಬಿಟ್ಟುಹೋಗುವ ಮೌನಕ್ಕೂ ಇರುವ ಅಂತರವೇ ಲಯದ ಸೊಗಸು. ತಲೆ ಕತ್ತರಿಸಿದ ಪೆಟ್ಟು ಪೆಟ್ಟಲ್ಲ, ಬರಿಯ ಸದ್ದು. ಹಿಂದೆ ನಿಂತಿರಬೇಕಾದ ತಂಬೂರಿ ಮುಂದೆ ಬಂದು ಗಾಯಕನ ಹೆಗಲ ಮೇಲೆ ಕೂರುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ಪೈಪೋಟಿಯ ಕಾವು ಈಗ ತಗ್ಗಿದೆ. ಗಟ್ಟಿತನವನ್ನು ಯಂತ್ರದ ಮಟ್ಟದಿಂದಲ್ಲದೆ ಕಿವಿಯ ಅನುಭವಕ್ಕೆ ಹತ್ತಿರವಾಗಿ ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ರೂಪುಗೊಂಡಿತು. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ, ಯೂಟ್ಯೂಬ್ ಮೊದಲಾದ ಸಂಸ್ಥೆಗಳು ಅತಿ ಜೋರಿನ ಹಾಡುಗಳನ್ನು ತಾವೇ ತಗ್ಗಿಸಿ ಪ್ರಸಾರ ಮಾಡುತ್ತವೆ. ಅಬ್ಬರಿಸಿದವನಿಗೆ ಅಲ್ಲಿ ಲಾಭವಿಲ್ಲ. ಕತ್ತರಿಸಿದ ತಲೆ ಮಾತ್ರ ಮರಳಿ ಬರುವುದಿಲ್ಲ.

ಮುದ್ದೆಯಿಂದ ಹಿಟ್ಟು ತೆಗೆಯಬಹುದೆ?

ಈಗ 'ನಾಗರಹಾವು' ಚಿತ್ರದ ಪ್ರಶ್ನೆಗೆ ಮರಳೋಣ. ಒಂದೇ ಪಥದಲ್ಲಿ ಬೆರೆತುಹೋದ ಶಬ್ದವನ್ನು ಏಳೆಂಟು ಕಡೆಯಿಂದ ಕೇಳಿಸುವುದೆಂದರೆ ಬೆಂದ ಮುದ್ದೆಯಿಂದ ಹಿಟ್ಟನ್ನೂ ನೀರನ್ನೂ ಮತ್ತೆ ಬೇರೆ ಮಾಡಿದಂತೆ. ಬಹುಕಾಲ ಇದು ಅಸಾಧ್ಯವೆಂದೇ ತಂತ್ರಜ್ಞರು ನಂಬಿದ್ದರು. ಕೆಲವು ಸ್ವರಶ್ರೇಣಿಗಳನ್ನು ಅತ್ತಿತ್ತ ಹಂಚಿ, ಸ್ವಲ್ಪ ಮಾರ್ದನಿ ಸೇರಿಸಿ, ವಿಸ್ತಾರದ ಭ್ರಮೆ ಹುಟ್ಟಿಸುವುದು, ಅಗತ್ಯ ಕಂಡಲ್ಲಿ ಹೊಸ ಶಬ್ದ ಸೇರಿಸುವುದು ಇಂಥ ಪುನರುಜ್ಜೀವನಗಳ ಸಾಮಾನ್ಯ ಕ್ರಮ. ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರುಗಳು ಕಂಠವನ್ನೂ ವಾದ್ಯಗಳನ್ನೂ ಬೇರ್ಪಡಿಸುವುದನ್ನು ಕಲಿತಿವೆ. ಇಂಗ್ಲೆಂಡಿನ ಬೀಟಲ್ಸ್ ತಂಡ 1966ರಲ್ಲಿ ಹೊರತಂದ 'ರಿವಾಲ್ವರ್' ಹಾಡುಗಳನ್ನು 2022ರಲ್ಲಿ ಹೀಗೆ ಬಿಡಿಸಿ ಮತ್ತೆ ಬೆರೆಸಲಾಯಿತು. ಮುದ್ದೆಯಿಂದ ಹಿಟ್ಟು ಬಂತು ಎನ್ನೋಣ. ಅದು ಮೊದಲಿನ ಹಿಟ್ಟೇ ಎನ್ನಲು ಇನ್ನೂ ಕಾಲ ಬೇಕು.

ಹೊಸ ಪೀಳಿಗೆಯನ್ನು ಚಿತ್ರಮಂದಿರಕ್ಕೆ ಕರೆತರಲು ಇಂಥ ಪ್ರಯತ್ನಗಳು ಬೇಕು. ಪುಟ್ಟಣ್ಣನವರು 1985ರಲ್ಲಿ, ವಿಷ್ಣುವರ್ಧನ್ 2009ರಲ್ಲಿ ತೀರಿಕೊಂಡಿದ್ದರು. ಅವರನ್ನು ಪರದೆಯ ಮೇಲೆ ಎಂದೂ ನೋಡದಿದ್ದ ಹುಡುಗರು 2018ರಲ್ಲಿ ನೋಡಿದರು. ಹೊಸದನ್ನು ಮಾಡಿದರೆಂದು ಆಕ್ಷೇಪಿಸಬೇಕಿಲ್ಲ. ಹಳೆಯದನ್ನು ಏನು ಮಾಡಿದೆವು ಎಂಬುದು ಕೇಳಬೇಕಾದ ಪ್ರಶ್ನೆ. ಪ್ರತಿ ಹೊಸ ಮಾಸ್ಟರೂ ಒಂದು ಹೊಸ ಆವೃತ್ತಿ. ಅದು ಬಂದಿತೆಂದು ಹಳೆಯ ರೀಲು, ಹಳೆಯ ಟೇಪು ಗೋದಾಮಿನ ಮೂಲೆ ಸೇರಿದರೆ, ಮುಂದಿನವರಿಗೆ ತೂಗಿ ನೋಡುವ ಅವಕಾಶವೇ ಇರುವುದಿಲ್ಲ.

ಕಳೆದುಕೊಂಡವರ ಪಟ್ಟಿಯಲ್ಲಿ ಶ್ರೀಮಂತ ದೇಶಗಳೂ ಇವೆ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿದ್ದು ಅಪಾರ ಮೂಲ ಸುರುಳಿಗಳು ಸುಟ್ಟುಹೋದದ್ದು ಜಗತ್ತಿಗೆ ಸರಿಯಾಗಿ ತಿಳಿದದ್ದು ಹನ್ನೊಂದು ವರ್ಷಗಳ ಮೇಲೆ, ಪತ್ರಿಕೆಯೊಂದು ಬರೆದಾಗ. ನಮ್ಮಲ್ಲಿ ಬೆಂಕಿಯೂ ಬೇಕಾಗಲಿಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ಉಳಿದಿಲ್ಲ. ಪರದೆಯ ಮೇಲೆ ಕನ್ನಡ ಮೊದಲು ಹೇಗೆ ಮಾತಾಡಿತು, ಹೇಗೆ ಹಾಡಿತು ಎಂಬುದನ್ನು ಯಾವ ತಂತ್ರಜ್ಞನೂ ಮತ್ತೆ ಮಾಸ್ಟರ್ ಮಾಡಿ ಕೇಳಿಸಲಾರ. ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಗಳೂ ಇವೆ. ಗೌಹರ್ ಜಾನ್ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಎಂಬ ಸಂಗ್ರಹ ಕಟ್ಟಿ, ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಸಾರ್ವಜನಿಕರಿಗೆ ಕೇಳಲು ಒದಗಿಸಿದರು.

ತಳಕಿನ ಸೀಮೆಗೆ ಸಂಬಂಧಿಸಿದ ಇನ್ನೊಂದು ಮಾತು ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಾರದ ಹೆಣ್ಣುಮಗಳು. ಸಾವಿರಾರು ಪದಗಳನ್ನು ನೆನಪಿನಿಂದ ಹಾಡುತ್ತಿದ್ದರು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಆಕೆಯ ಮುಂದೆ ಕುಳಿತು ಅವನ್ನು ಸಂಗ್ರಹಿಸಿದರು. ಇಂಥ ಹಾಡಿಗೆ ಸ್ಟುಡಿಯೋ ಇಲ್ಲ, ಮಿಶ್ರಣವಿಲ್ಲ. ಹಿನ್ನೆಲೆಯಲ್ಲಿ ಕುರಿ ಕೂಗಿದರೆ ಅದೂ ಸೇರಿಯೇ ಮುದ್ರಣ. ಮುಂದೆಂದಾದರೂ ಯಾರಾದರೂ ಇಂಥ ಟೇಪುಗಳನ್ನು 'ಶುದ್ಧ'ಗೊಳಿಸಲು ಕುಳಿತರೆ, ಕುರಿಯ ದನಿ ತೆಗೆಯಬೇಕೆ ಬಿಡಬೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಹಟ್ಟಿಯನ್ನು ತೆಗೆದು ಹಾಡನ್ನಷ್ಟೇ ಉಳಿಸಿಕೊಂಡರೆ ಉಳಿಯುವುದು ಎಷ್ಟು?

ಉತ್ತರ ಏನೇ ಇರಲಿ, ಮಾಡುವ ಕ್ರಮವನ್ನು ವೆಂಕಣ್ಣಯ್ಯನವರ ಪೀಳಿಗೆಯ ಸಂಪಾದಕರು ಆಗಲೇ ತೋರಿಸಿಕೊಟ್ಟಿದ್ದಾರೆ. ಮೂಲಪ್ರತಿಯನ್ನು ಮುಟ್ಟದೆ ಜೋಪಾನವಾಗಿಡಿ. ಅದರ ನಕಲಿನ ಮೇಲೆ ಕೆಲಸ ಮಾಡಿ. ಏನು ತಿದ್ದಿದಿರೆಂದು ಬರೆದಿಡಿ. ಮಾಡಿದವರ ಹೆಸರು ಹಾಕಿ. ಕಂಪನಿಗಳು, ವಿಶ್ವವಿದ್ಯಾಲಯಗಳು, ಆಕಾಶವಾಣಿ, ಚಲನಚಿತ್ರ ಅಕಾಡೆಮಿ ಇಷ್ಟನ್ನು ನಿಯಮವಾಗಿ ಪಾಲಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಯೋ ಕ್ಯಾಸೆಟ್ಟೋ ಇರುವ ಓದುಗರೂ, ಆ ಹಾಡು ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂದು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು. ಮೊಬೈಲಿನಲ್ಲಿರುವುದು ಆ ಹಾಡಿನ ಒಂದು ಪಾಠ. ಅಟ್ಟದಲ್ಲಿರುವುದು ಇನ್ನೊಂದು.